1:64 ಫ್ರಿಗೇಟ್: ಫಿರಂಗಿಯ ಬ್ರೀಚಿಂಗ್ ಹಗ್ಗ ತಂತಿ ಥರ ನಿಲ್ತಿದೆ, ರಾಟೆ ಗಾಲಿಗಿಂತ ದೊಡ್ಡದಾಗಿ ಕಾಣ್ತಿದೆ. ಎಲ್ಲಿ ತಪ್ಪು?

ಕುಕ್ಕರಹಳ್ಳಿ ಹಾಯಿ | ಮೈಸೂರು

ಎಲ್ಲರಿಗೂ ನಮಸ್ಕಾರ. 38 ಫಿರಂಗಿ ದರ್ಜೆಯ ಫ್ರಿಗೇಟ್ (ಹಾಯಿಯ ಯುದ್ಧನೌಕೆ) ಮಾಡೆಲ್ ಕಟ್ತಿದ್ದೀನಿ, 1:64 ಅಳತೆ. ನಕ್ಷೆ ಬ್ರಿಟಿಷ್ ನೌಕಾಪಡೆಯ ಲೀಡಾ ವರ್ಗದ್ದು. ಬಾಂಬೆಯಲ್ಲಿ ತೇಗದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಇದೆಯಲ್ಲ, ಅದೇ ವರ್ಗ. ಮುಖ್ಯ ಫಿರಂಗಿ ಡೆಕ್ ಹಾಸಿ ಆಗಿದೆ. ಅದರ ಮೇಲೆ ಹಿಂಭಾಗದ ಕ್ವಾರ್ಟರ್‌ಡೆಕ್, ಮುಂಭಾಗದ ಫೋರ್‌ಕ್ಯಾಸಲ್ ಎರಡನ್ನೂ ಇನ್ನೂ ಮುಚ್ಚಿಲ್ಲ. ಈಗ 28 ಹದಿನೆಂಟು ಪೌಂಡರ್‌ಗಳನ್ನ (18 ಪೌಂಡ್ ಗುಂಡಿನ ಫಿರಂಗಿ) ಕೂರಿಸಿ ಹಗ್ಗ ಕಟ್ಟಬೇಕು. ಎರಡು ಕಟ್ಟಿ ಅಲ್ಲೇ ನಿಲ್ಲಿಸಿದ್ದೀನಿ, ಚೆನ್ನಾಗಿ ಕಾಣ್ತಿಲ್ಲ.

ಕಿಟ್‌ನಲ್ಲಿ ಬಂದಿರೋದು: ಹಿತ್ತಾಳೆ ನಳಿಗೆ (ಹಿಂಭಾಗದ ಉಂಡೆಯಂಥ ಗುಂಡಿಯೂ ಸೇರಿ 43 ಮಿ.ಮೀ.), 5 ಮಿ.ಮೀ. ರಾಟೆಗಳು, ಬ್ರೀಚಿಂಗ್‌ಗೆ (ಹಿಂದಕ್ಕೆ ಚಿಮ್ಮೋ ಫಿರಂಗಿಯನ್ನ ತಡೆಯೋ ದಪ್ಪ ಹಗ್ಗ) 1 ಮಿ.ಮೀ. ಹತ್ತಿ ದಾರ, ಟ್ಯಾಕಲ್‌ಗೆ (ಫಿರಂಗಿಯನ್ನ ಎಳೆಯೋ ರಾಟೆ ಹಗ್ಗ) 0.5 ದಾರ, ಒಂದು ಪೊಟ್ಟಣ ಐ ಬೋಲ್ಟ್ (ತುದಿಯಲ್ಲಿ ಕಣ್ಣಿರೋ ಮೊಳೆ).

ತೊಂದರೆಗಳು:

1. ಬ್ರೀಚಿಂಗ್ ಹಗ್ಗ ನಳಿಗೆಯ ಹಿಂದೆ ಬಳೆ ಥರ ಗಾಳಿಯಲ್ಲಿ ನಿಲ್ಲುತ್ತೆ. ಡೆಕ್ ಮೇಲೆ ಬೀಳೋದೇ ಇಲ್ಲ.
2. ರಾಟೆ ಹಾಕಿದರೆ ಫಿರಂಗಿಯ ಗಾಡಿಯೇ ಮುಚ್ಚಿಹೋಗುತ್ತೆ.
3. ಟ್ಯಾಕಲ್ ಸ್ವಲ್ಪ ಬಿಗಿ ಮಾಡಿದರೆ ಕೊಕ್ಕೆ ಬಿಚ್ಚಿಕೊಳ್ಳುತ್ತೆ, ಇಲ್ಲಾ ಹಡಗಿನ ಪಕ್ಕದ ಗೋಡೆಯಿಂದ ಐ ಬೋಲ್ಟ್ ಕಿತ್ತು ಬರುತ್ತೆ.
4. ನಳಿಗೆಗೆ ಹಚ್ಚಿದ ಕಪ್ಪು ಬಣ್ಣ, ಹಗ್ಗ ಉಜ್ಜಿದ ಕಡೆ ಏಳುತ್ತೆ.

ಇನ್ನೊಂದು ಪ್ರಶ್ನೆ. ಹಿಂದಕ್ಕೆ ಎಳೆಯೋ ಟ್ರೇನ್ ಟ್ಯಾಕಲನ್ನೂ 28ಕ್ಕೂ ಕಟ್ಟಬೇಕಾ? ಗೊತ್ತಿರೋರು ಅಳತೆ ಸಮೇತ ಹೇಳಿದರೆ ಉಪಕಾರ.

---

ಬೀಟೆಚಕ್ಕೆ | ಮಂಡಿ ಮೊಹಲ್ಲಾ, ಮೈಸೂರು

ಸರ್, ನಿಮ್ಮ ನಾಲ್ಕರಲ್ಲಿ ಮೊದಲೆರಡು ತೊಂದರೆ ಕೈಕೆಲಸದ್ದಲ್ಲ, ಲೆಕ್ಕದ್ದು. ಕಿಟ್ ಕೊಟ್ಟಿರೋ ದಾರ, ರಾಟೆ ಎರಡೂ ಆ ಅಳತೆಗೆ ದೊಡ್ಡವು. ಅವನ್ನ ಪಕ್ಕಕ್ಕಿಡಿ.

ಹಳೇ ಹಡಗಿನ ಪಟ್ಟಿಗಳಲ್ಲಿ ಹಗ್ಗಕ್ಕೆ "6 ಇಂಚು" ಅಂತ ಇದ್ದರೆ ಅದು ಸುತ್ತಳತೆ. ವ್ಯಾಸ ಅಂದುಕೊಂಡು ಕಟ್ಟಿದರೆ ಹಗ್ಗ ಮೂರು ಪಟ್ಟು ದಪ್ಪ ಆಗುತ್ತೆ. 18 ಪೌಂಡರ್‌ಗೆ ಬ್ರೀಚಿಂಗ್ ಸುಮಾರು 6 ಇಂಚು ಸುತ್ತಳತೆಯದ್ದು. 3.14ರಿಂದ ಭಾಗಿಸಿದರೆ 1.9 ಇಂಚು, ಅಂದರೆ ಹೆಚ್ಚು ಕಮ್ಮಿ 48 ಮಿ.ಮೀ. ವ್ಯಾಸ. ಅದನ್ನ 64ರಿಂದ ಭಾಗಿಸಿ: 0.76 ಮಿ.ಮೀ. ಪಕ್ಕದ ಟ್ಯಾಕಲ್ ಹಗ್ಗ ಎರಡೂವರೆ ಇಂಚಿನದ್ದು, ನಿಮ್ಮ ಅಳತೆಯಲ್ಲಿ 0.32. ಈಗ ಕಿಟ್‌ನ 1 ಮಿ.ಮೀ. ದಾರವನ್ನ ಹಿಂದಕ್ಕೆ ಗುಣಿಸಿ ನೋಡಿ. 64 ಮಿ.ಮೀ. ವ್ಯಾಸ, ಸುತ್ತಳತೆ 8 ಇಂಚಿನ ಹತ್ತಿರ. 32 ಪೌಂಡರ್‌ನಂಥ ಭಾರೀ ಫಿರಂಗಿಗೇ 7 ಇಂಚಿನ ಹಗ್ಗ ಹಾಕ್ತಿದ್ದರು.

ರಾಟೆಗೆ ಒಂದು ಹಳೇ ಸೂತ್ರ ಇದೆ: ಹಗ್ಗದ ಸುತ್ತಳತೆಯ ಮೂರು ಪಟ್ಟು ರಾಟೆಯ ಉದ್ದ. ಎರಡೂವರೆ ಇಂಚಿಗೆ ಏಳೂವರೆ ಇಂಚು, ಅಂದರೆ 1:64ರಲ್ಲಿ ಸರಿಯಾಗಿ 3 ಮಿ.ಮೀ. ನಿಮ್ಮ 5 ಮಿ.ಮೀ. ರಾಟೆ ನಿಜವಾದ ಹಡಗಿನಲ್ಲಿ ಒಂದಡಿ ದಾಟುತ್ತೆ. ಗಾಡಿ ಮುಚ್ಚಿಹೋಗದೆ ಇನ್ನೇನು.

ದಾರದ ದಪ್ಪ ಅಳೆಯೋಕೆ ಕ್ಯಾಲಿಪರ್ ನಂಬಬೇಡಿ. ಅದು ದಾರವನ್ನ ಚಪ್ಪಟೆ ಮಾಡಿ ಕಡಿಮೆ ತೋರಿಸುತ್ತೆ. ಪೆನ್ಸಿಲ್‌ಗೆ 20 ಸುತ್ತು, ಒಂದಕ್ಕೊಂದು ತಾಗಿಸಿ ಸುತ್ತಿ, ಒಟ್ಟು ಅಗಲ ಸ್ಕೇಲಿನಲ್ಲಿ ನೋಡಿ 20ರಿಂದ ಭಾಗಿಸಿ.

ಈಗ ದಾರ ಯಾವುದು. ಹತ್ತಿ ಬೇಡ. ಜುಂಗು ಏಳುತ್ತೆ. ಮಳೆಗಾಲದಲ್ಲಿ ತೇವ ಹೀರಿ ಬಿಗಿಯಾಗುತ್ತೆ, ಮಾರ್ಚ್ ಬಿಸಿಲಿಗೆ ಸಡಿಲ ಬೀಳುತ್ತೆ. ಸೀರೆ ಕುಚ್ಚಿನ ದಾರ ಬಣ್ಣಕ್ಕೆ ಆಸೆ ಹುಟ್ಟಿಸುತ್ತೆ ನಿಜ, ಆದರೆ ಆ ಹೊಳಪು ಹಗ್ಗದ್ದಲ್ಲ, ಎಳೆಯೂ ಬೇಗ ಬಿಚ್ಚಿಕೊಳ್ಳುತ್ತೆ. ಟೈಲರ್ ಅಂಗಡಿಗಳಿಗೆ ಹೋಗೋ ಪಾಲಿಯೆಸ್ಟರ್ ಹೊಲಿಗೆ ದಾರದಲ್ಲಿ ಹೊಳಪಿಲ್ಲದ್ದನ್ನ ಆರಿಸಿ, ಕಂದು ಛಾಯೆಯದ್ದು. 0.2ರ ದಾರ ಸಿಕ್ಕರೆ ಮೂರು ಎಳೆ ಹುರಿ ಮಾಡಿ ಒಂದು ಕಂಬಿ, ಅಂಥ ಮೂರು ಕಂಬಿ ಸೇರಿಸಿ ಎದುರು ದಿಕ್ಕಿಗೆ ಹುರಿ ಮಾಡಿದರೆ 0.75ರಿಂದ 0.8ರ ಹಗ್ಗ ಬರುತ್ತೆ. ಒಟ್ಟು ಒಂಬತ್ತು ಎಳೆ. ಹುರಿ ಮಾಡುವಾಗ ಉದ್ದದಲ್ಲಿ ಕಾಲು ಭಾಗಕ್ಕೂ ಮೀರಿ ಕುಗ್ಗುತ್ತೆ. 28 ಬ್ರೀಚಿಂಗ್‌ಗೆ ತಲಾ 15 ಸೆಂ.ಮೀ. ಅಂದರೂ 4.2 ಮೀಟರ್ ಹಗ್ಗ ಬೇಕು, ಹಾಗಾಗಿ ಎಳೆಗಳನ್ನ 6 ಮೀಟರಿಗೆ ಎಳೆದು ಶುರು ಮಾಡಿ. ಒಂದೇ ಸಲಕ್ಕೆ ಜಾಗ ಸಾಲದಿದ್ದರೆ 2 ಮೀಟರಿನ ಮೂರು ತುಂಡು ಮಾಡಿದರೂ ಅಡ್ಡಿಯಿಲ್ಲ, ಸುತ್ತಿನ ಲೆಕ್ಕ ಮಾತ್ರ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಮೂರು ತುಂಡು ಮೂರು ದಪ್ಪ ಆಗುತ್ತವೆ.

ಒಂದು ಸೂಕ್ಷ್ಮ: ಹಡಗಿನ ಮೂರು ಕಂಬಿಯ ಸಾಮಾನ್ಯ ಹಗ್ಗ ಬಲಹುರಿ. ಅಂಗಡಿಯ ಹೊಲಿಗೆ ದಾರವೂ ಬಲಹುರಿಯೇ ಆಗಿರೋದರಿಂದ ಅದನ್ನ ನೇರವಾಗಿ ಮೂರು ಸೇರಿಸಿ ಹುರಿ ಮಾಡಿದರೆ ಎಡಹುರಿ ಹಗ್ಗ ಆಗುತ್ತೆ. ಮೇಲಿನ ಎರಡು ಹಂತದ ಕ್ರಮದಲ್ಲಿ ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ ತಿರುಗಿಸಿದರೆ ಕೊನೆಗೆ ಬಲಹುರಿಯೇ ಬರುತ್ತೆ.

ಉದ್ದ: ಬ್ರೀಚಿಂಗ್ ಸುಮಾರು ನಳಿಗೆಯ ಮೂರು ಪಟ್ಟು. ನಳಿಗೆಯ ಉದ್ದ ಅಂದರೆ ಬಾಯಿಂದ ಹಿಂಭಾಗದ ದಪ್ಪ ಉಂಗುರದವರೆಗೆ. ಹಿಂದಿನ ಗುಂಡಿಯನ್ನ ಲೆಕ್ಕಕ್ಕೆ ಸೇರಿಸಲ್ಲ. ಗುಂಡಿ ಬಿಟ್ಟರೆ ನಿಮ್ಮದು 38 ಮಿ.ಮೀ. ಆಸುಪಾಸು ಇರಬೇಕು, ಅದು 8 ಅಡಿಯ ನಳಿಗೆಗೆ ಸರಿ. ಮೂರು ಪಟ್ಟು ಅಂದರೆ 114. ಅಷ್ಟುದ್ದ ಯಾಕೆ ಅಂದರೆ, ಗುಂಡು ಹಾರಿದ ಮೇಲೆ ಫಿರಂಗಿ ಹಿಂದಕ್ಕೆ ಚಿಮ್ಮಿ, ಬಾಯಿ ಗೋಡೆಯ ಕಿಂಡಿಯಿಂದ ಒಳಗೆ ಬಂದು ನಿಲ್ಲಬೇಕು, ಮತ್ತೆ ಮದ್ದು ತುಂಬೋಕೆ ಜಾಗ ಬೇಕು. ಮಾಡೆಲಿನಲ್ಲಿ ಪರೀಕ್ಷೆ ಸುಲಭ. ಅಂಟಿಸುವ ಮುಂಚೆ ಗಾಡಿಯನ್ನ ಬೆರಳಲ್ಲಿ ಹಿಂದಕ್ಕೆ ತಳ್ಳಿ. ಹಗ್ಗ ಬಿಗಿಯಾದಾಗ ಬಾಯಿ ಗೋಡೆಯಿಂದ ಐದಾರು ಮಿ.ಮೀ. ಒಳಗಿದ್ದರೆ ಉದ್ದ ಸರಿ. ಬಾಯಿ ಇನ್ನೂ ಕಿಂಡಿಯಲ್ಲೇ ಇದ್ದರೆ ಹಗ್ಗ ಗಿಡ್ಡ. ಬಹಳಷ್ಟು ಮಾಡೆಲ್‌ಗಳಲ್ಲಿ ಹೀಗೆ ಗಿಡ್ಡ ಮಾಡಿ ಕಟ್ಟಿರ್ತಾರೆ. ನೋಡೋಕೆ ಅಚ್ಚುಕಟ್ಟು, ಆದರೆ ಆ ಫಿರಂಗಿ ಒಂದೇ ಗುಂಡಿನದ್ದು.

ಹಾಗೇ ಇನ್ನೊಂದು ಮಾತು. ಗಾಡಿಗೆ ಮಾದರಿ ಬೇಕು ಅಂತ ಅರಮನೆಯ ದಸರಾ ಕುಶಾಲತೋಪಿನ ಫಿರಂಗಿಗಳನ್ನ ನೋಡಿಕೊಂಡು ಬರಬೇಡಿ. ಅವು ನೆಲದ ಮೇಲೆ ಎಳೆಯೋ ದೊಡ್ಡ ಗಾಲಿಯವು. ಹಡಗಿನ ಗಾಡಿಗೆ ಕಡ್ಡಿಯಿಲ್ಲದ ಗಟ್ಟಿ ಮರದ ಸಣ್ಣ ಗಾಲಿ. ಡೆಕ್ ಅಂಚಿನ ಕಡೆಗೆ ಇಳಿಜಾರು ಇರೋದರಿಂದ ಮುಂದಿನ ಜೋಡಿ ಹಿಂದಿನದಕ್ಕಿಂತ ಸ್ವಲ್ಪ ದೊಡ್ಡದು. ಕಿಟ್‌ನಲ್ಲಿ ಎರಡೂ ಅಳತೆ ಒಂದೇ ಪೊಟ್ಟಣದಲ್ಲಿ ಬಂದಿದ್ದರೆ ಬೇರೆ ಮಾಡಿಟ್ಟುಕೊಳ್ಳಿ. ಅದಲುಬದಲಾದರೆ ನಳಿಗೆಗಳೆಲ್ಲ ನೀರು ನೋಡ್ತಾ ನಿಲ್ಲುತ್ತವೆ.

---

ಮಂಡ್ಯ ತಂತಿ | ಮಂಡ್ಯ

ಹಗ್ಗದ ಲೆಕ್ಕ ಅವರು ಹೇಳವ್ರೆ, ಸರಿಯಾಗದೆ. ನಾನು ಲೋಹದ್ದು ಹೇಳ್ತೀನಿ, ನಿಮ್ಮ 3 ಮತ್ತೆ 4.

ಕೊಕ್ಕೆ ಬಿಚ್ಕಳದು ತಂತಿ ಮೆತ್ತಗಿರದ್ರಿಂದ. ಪಂಪ್‌ಸೆಟ್ ಮೋಟಾರ್ ರೀವೈಂಡಿಂಗ್ ಅಂಗ್ಡೀಲಿ ತುಂಡು ತಾಮ್ರದ ತಂತಿ ಸಿಕ್ತದೆ, ನಮ್ ಕಡೆ ಬೀದಿಗೊಂದು ಅಂಗ್ಡಿ. ಗೇಜು ಹೇಳಿ ಈಸ್ಕಳಿ: 26 ಗೇಜು 0.45 ಮಿ.ಮೀ., 28 ಗೇಜು 0.37, 30 ಗೇಜು 0.31. ಆದ್ರೆ ಹಂಗೇ ಬಳಸ್ಬೇಡಿ. ಒಂದಡಿ ತಂತಿ ತಗಂಡು ಒಂದು ತುದಿ ವೈಸ್‌ಗೆ ಕಚ್ಚಿಸಿ, ಇನ್ನೊಂದು ತುದಿ ಇಕ್ಕಳದಲ್ಲಿ ಹಿಡ್ದು, ಸ್ವಲ್ಪ ಉದ್ದ ಆಯ್ತು ಅನ್ನೋ ತನಕ ಎಳೀರಿ. ತಂತಿ ನೆಟ್ಟಗೂ ಆಯ್ತದೆ, ಗಟ್ಟಿನೂ ಆಯ್ತದೆ. ಮೇಲಿನ ಎನಾಮಲ್ ಪದರ ಮರಳು ಕಾಗದದಲ್ಲಿ ಕೆರೀಲೇಬೇಕು. ಅದಿದ್ರೆ ಬೆಸುಗೆನೂ ಹಿಡಿಯಕಿಲ್ಲ, ಕಪ್ಪು ಮಾಡೋ ದ್ರಾವಣನೂ ಹಿಡಿಯಕಿಲ್ಲ. ಸುಟ್ಟು ತೆಗಿಯಕೆ ಹೋಗ್ಬೇಡಿ, ಬೆಂಕಿ ತಗುಲಿದ್ರೆ ತಾಮ್ರ ಮತ್ತೆ ಮೆತ್ತಗಾಯ್ತದೆ, ಎಳ್ದಿದ್ದು ದಂಡ. ಕೊಕ್ಕೆಗೆ ಮಾತ್ರ 0.3ರ ಹಿತ್ತಾಳೆ ತಂತಿ ಸಿಕ್ಕುದ್ರೆ ಇನ್ನೂ ವಾಸಿ. ವೀಣೆ ತಂತಿ ಅಂತ ಉಕ್ಕಿಂದು ತರ್ಬೇಡಿ, ಅಷ್ಟು ಸಣ್ಣ ಬಾಗಕ್ಕೆ ಅದು ಬಗ್ಗದೇ ಇಲ್ಲ, ಸ್ಪ್ರಿಂಗು.

ಉಂಗುರ: 2 ಮಿ.ಮೀ. ಡ್ರಿಲ್ ಬಿಟ್ಟಿನ ಹಿಂದ್ಗಡೆ ನುಣ್ಣಗಿರ್ತದಲ್ಲ, ಅದ್ರ ಮ್ಯಾಲೆ 26 ಗೇಜಿನ ತಂತಿ ಒತ್ತೊತ್ತಾಗಿ 60 ಸುತ್ತು ಸುತ್ತಿ. ಚೂಪು ಬ್ಲೇಡಲ್ಲಿ ಉದ್ದಕ್ಕೂ ಒಂದೇ ಗೆರೆ ಕುಯ್ದ್ರೆ 60 ಉಂಗುರ ಒಂದ್ಸಲಕ್ಕೆ. ನಿಮ್ಗೆ ಬೇಕಿರದು 56, ನಾಕು ಕಾರ್ಪೆಟ್ ಅಡಿಗೆ ಹೋಗ್ಲಿ ಬುಡಿ. ಐ ಬೋಲ್ಟಿನ ಕಣ್ಣಿಗೆ ಉಂಗುರ ತೂರ್ಸಿ, ಕೂಡಿರೋ ಬಾಯಿನ ಕಣ್ಣಿನೊಳ್ಗೇ ಬರಂಗೆ ತಿರುಗ್ಸಿ, ಅಲ್ಲಿ ಚೂರೇ ಚೂರು ಬೆಸುಗೆ. ಬರೀ ಅಂಟು ಹಾಕುದ್ರೆ ಹಗ್ಗ ಎಳ್ದಾಗ ಬಾಯಿ ತೆರ್ಕತದೆ.

ಐ ಬೋಲ್ಟ್ ಕಿತ್ತು ಬರದ್ಕೆ ಎರಡು ಕಾರಣ. ಕಿಟ್ಟಿಂದು ಒಂಟಿ ಕಾಲು, ನುಣ್ಣಗೆ. ಅಂಟನ್ನ ಕಾಲಿಗೆ ಸವರಿ ತೂರ್ಸುದ್ರೆ ಅದೆಲ್ಲ ತೂತಿನ ಬಾಯಲ್ಲೇ ಒರೆಸ್ಕಂಡು ನಿಲ್ತದೆ, ಒಳಿಕ್ಕೆ ಹೋಗಕಿಲ್ಲ. ನೀವೇ ಮಾಡ್ಕಳಿ: 28 ಗೇಜಿನ ತಂತಿ ಅರ್ಧಕ್ಕೆ ಮಡ್ಸಿ, 0.8ರ ಬಿಟ್ಟಿಗೆ ಸಿಗ್ಸಿ, ಎರಡು ತುದಿ ಸೇರ್ಸಿ ತಿರುಗ್ಸಿ. ಹುರಿ ಆದ ಕಾಲು ಮರಕ್ಕೆ ಕಚ್ಕತದೆ. ಕಾಲು ಕನಿಷ್ಠ 4 ಮಿ.ಮೀ. ಇರ್ಲಿ. 0.8ರ ತೂತು ಹೊಡೀರಿ, ಸೂಪರ್ ಗ್ಲೂನ ಸೂಜಿ ಮೊನೇಲಿ ತೂತಿನ ಒಳಿಕ್ಕೇ ಬುಡಿ, ಆಮೇಕೆ ಬೋಲ್ಟ್ ತೂರ್ಸಿ. ಗೋಡೆ ಮೂರು ಮಿ.ಮೀ.ಗಿಂತ ತೆಳ್ಳಗಿದ್ರೆ ಆಚೆ ಮುಖಕ್ಕೆ ಬಣ್ಣ ಹೊಡಿಯೋ ಮುಂಚೆ ಪೂರಾ ತೂರ್ಸಿ, ತುದಿನ ಕತ್ರಿಸಿ ಮಟ್ಟ ಮಾಡ್ಬುಡಿ.

ಎತ್ತರ ನಕ್ಷೆ ಹೇಳ್ದಂಗೇ ಇಡಿ. ಗುರುತೇ ಇಲ್ದಿದ್ರೆ ಬ್ರೀಚಿಂಗ್ ಉಂಗುರ ಕಿಂಡಿ ಕೆಳ ಅಂಚಿನ ಮಟ್ಟದಲ್ಲಿ, ಟ್ಯಾಕಲ್ಲಿನ ಕಣ್ಣು ಅದಕ್ಕಿಂತ ಚೂರು ಮ್ಯಾಲೆ, ಚೂರು ಆಚೆಗೆ. ಎಲ್ಲಕ್ಕಿಂತ ಮುಖ್ಯ, 28 ಕಿಂಡೀಲೂ ಒಂದೇ ಮಟ್ಟ. ರಟ್ಟಲ್ಲಿ ಒಂದು ಅಚ್ಚು ಕತ್ರಿಸಿ, ಕಿಂಡಿಗೆ ಕೂರೋ ನಾಲಿಗೆ ಬುಟ್ಟು, ನಾಕು ತೂತು ಹೊಡ್ಕಳಿ. ಪ್ರತಿ ಕಿಂಡಿಗೂ ಅದ್ನೇ ಇಟ್ಟು ಸೂಜೀಲಿ ಚುಚ್ಚಿ ಗುರುತು ಮಾಡಿ. ಕಣ್ಣಂದಾಜು ಬೇಡವೇ ಬೇಡ ಸಾ, ಸಾಲಾಗಿ ನೋಡ್ದಾಗ ಅರ್ಧ ಮಿ.ಮೀ. ಏರುಪೇರೂ ಎದ್ದು ಕಾಣ್ತದೆ.

ಗಾಡಿನೂ ಅಂಟಲ್ಲೇ ನಿಲ್ಸಕಾಗಕಿಲ್ಲ, ಟ್ಯಾಕಲ್ ಪಕ್ಕಕ್ಕೆ ಎಳೀತಿರ್ತದೆ. ಹಿಂದಿನ ಗಾಲಿ ಅಚ್ಚಿನ ಮರಕ್ಕೆ ಕೆಳಗಿಂದ 0.8ರ ತೂತು ಹೊಡ್ದು ಹಿತ್ತಾಳೆ ಮೊಳೆ ಕೂರ್ಸಿ, ಅದು ಡೆಕ್ಕಿಗೆ 3 ಮಿ.ಮೀ. ಇಳೀಲಿ.

ಕಪ್ಪು ಬಣ್ಣ: ಏಳದು ಅಂದ್ರೆ ಬಣ್ಣದ ಅಡೀಲಿ ಎಣ್ಣೆ ಜಿಡ್ಡು ಇತ್ತು ಅಂತ್ಲೇ. ಹಿತ್ತಾಳೆ ನಳಿಗೆನ ದೇವರ ಸಾಮಾನು ತೊಳೆಯಂಗೇ ತೊಳೀರಿ. ಹುಣಸೆಹಣ್ಣಿನ ನೀರಲ್ಲಿ ಹತ್ತು ನಿಮ್ಷ ನೆನೆಹಾಕಿ, ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ಉಜ್ಜಿ, ಸೋಪ್ ನೀರು, ಆಮೇಲೆ ಬರೀ ನೀರು. ಅಲ್ಲಿಂದಾಚೆಗೆ ಬರಿಗೈಲಿ ಮುಟ್ಟಂಗಿಲ್ಲ. ಆಮೇಲೆ ಮೆಟಲ್ ಪ್ರೈಮರ್ ತೆಳ್ಳಗೆ, ಒಂದು ದಿನ ಒಣಗ್ಸಿ, ಮ್ಯಾಟ್ ಕಪ್ಪು ಎರಡು ತೆಳು ಪದರ. ಕಪ್ಪಿಗೆ ಒಂದು ತೊಟ್ಟು ಬೂದು ಬೆರ್ಸಿ. ಇಷ್ಟು ಸಣ್ಣ ಸಾಮಾನಿಗೆ ಪೂರಾ ಕಪ್ಪು ಹೊಡುದ್ರೆ ಇದ್ದಿಲು ತುಂಡು ಇಟ್ಟಂಗೆ ಕಾಣ್ತದೆ.

---

ಕುಕ್ಕರಹಳ್ಳಿ ಹಾಯಿ | ಮೈಸೂರು

ಇಬ್ಬರಿಗೂ ಧನ್ಯವಾದ. ನಳಿಗೆ ಅಳೆದೆ, ಬಾಯಿಂದ ಉಂಗುರಕ್ಕೆ 38.5. ಬ್ರೀಚಿಂಗ್ ಅಳತೆ ಈಗ ಅರ್ಥ ಆಯ್ತು. ಉಳಿದಿರೋದು ಮೂರು. ಒಂದು, ನಳಿಗೆಯ ಹಿಂಭಾಗದಲ್ಲಿ ಹಗ್ಗ ಹೇಗೆ ಹಿಡಿಸೋದು? ಬರೀ ಗುಂಡಿ ಇದೆ. ಎರಡು, ಎಲ್ಲವನ್ನೂ ಹಡಗಿನ ಒಳಗೇ ಕಟ್ಟಬೇಕಾ, ಹೊರಗೆ ಕಟ್ಟಿ ಇಳಿಸಬಹುದಾ? ಮೂರು, 3 ಮಿ.ಮೀ. ರಾಟೆ ಒಂಟಿ (ಒಂದು ಗಾಲಿಯದ್ದು) ಎಷ್ಟು, ಜೋಡಿ (ಎರಡು ಗಾಲಿಯದ್ದು) ಎಷ್ಟು ಬೇಕು?

---

ಸೂಜಿಮೊನೆ | ಸರಸ್ವತಿಪುರಂ, ಮೈಸೂರು

ಗುಂಡಿಯ ವಿಷಯ ಮೊದಲು. ನಿಮ್ಮ ಹಡಗಿನ ಕಾಲಕ್ಕೆ ಬ್ಲೋಮ್‌ಫೀಲ್ಡ್ ಮಾದರಿಯ ನಳಿಗೆ ಬಂದಿತ್ತು. ಅದರಲ್ಲಿ ಗುಂಡಿಯ ಮೇಲೆ ಎರಕದಲ್ಲೇ ಒಂದು ಬಳೆ ಇರುತ್ತೆ, ಬ್ರೀಚಿಂಗ್ ಅದರೊಳಗೆ ಹಾದುಹೋಗುತ್ತೆ. ಅದಕ್ಕೂ ಹಳೆಯ ನಳಿಗೆಗಳಲ್ಲಿ ಬಳೆ ಇಲ್ಲ, ಹಗ್ಗ ಗುಂಡಿಯ ಕತ್ತನ್ನೇ ಬಳಸಿ ಬರುತ್ತೆ. ಕಿಟ್ ನಳಿಗೆ ಹಳೇ ಥರದ್ದು ಅಂತ ಕಾಣುತ್ತೆ. 0.4ರ ತಂತಿಯಲ್ಲಿ ಒಳವ್ಯಾಸ 1.2 ಮಿ.ಮೀ. ಬರೋ ಬಳೆ ಮಾಡಿ ಗುಂಡಿಯ ಕತ್ತಿನ ಮೇಲೆ ಬೆಸುಗೆ ಹಾಕಿ. ಬಣ್ಣಕ್ಕೆ ಮುಂಚೆಯೇ ಆಗಬೇಕು. ಅಲ್ಲಿಂದ ಹಗ್ಗ ಗಾಡಿಯ ಎರಡೂ ಪಕ್ಕದ ಉಂಗುರದ ಮೂಲಕ ಗೋಡೆಗೆ ಹೋಗುತ್ತೆ. ಫ್ರೆಂಚ್ ಹಡಗಾಗಿದ್ದರೆ ಗಾಡಿಯ ಪಕ್ಕದ ಹಲಗೆಯಲ್ಲೇ ತೂತು ಇರ್ತಿತ್ತು. ಎರಡನ್ನ ಬೆರೆಸಬೇಡಿ.

ಹೊರಗೇ ಕಟ್ಟಿ. ಒಳಗೆ ಎರಡು ಬೆರಳು ಹೋಗೋ ಜಾಗದಲ್ಲಿ 28 ಸಲ ಗಂಟು ಹಾಕೋದು ಸಾಧ್ಯವಿಲ್ಲ. ಅದಕ್ಕೆ ಒಂದು ಸುಳ್ಳು ಗೋಡೆ ಬೇಕು: ಪ್ಲೈವುಡ್ ತುಂಡು, ಅದರ ಮೇಲೆ ನೇರ ನಿಂತ ಹಲಗೆ, ನಿಮ್ಮ ಹಡಗಿನದೇ ಅಳತೆಯ ಒಂದು ಕಿಂಡಿ, ಅದೇ ಎತ್ತರದಲ್ಲಿ ನಾಲ್ಕು ತೂತು. ಈ ಗೋಡೆಯ ಮುಂದೆ ಒಂದು ಫಿರಂಗಿಯನ್ನ ಪೂರ್ತಿ ಮುಗಿಸಿ. ಅದು ಕಣ್ಣಿಗೆ ಒಪ್ಪಿದ ಮೇಲೆ ಉಳಿದ 27ಕ್ಕೆ ಕೈ ಹಾಕಿ.

ಕ್ರಮ ಹೀಗೆ. ಹಗ್ಗದ ಒಂದು ತುದಿಯನ್ನ ಮೊದಲ ಬೋಲ್ಟಿನ ಉಂಗುರಕ್ಕೆ ತೂರಿಸಿ 6 ಮಿ.ಮೀ. ಹಿಂದಕ್ಕೆ ಮಡಿಸಿ. ಆ ಮಡಿಕೆಯನ್ನ ಸಣ್ಣ ದಾರದಲ್ಲಿ ಎಂಟು ಸುತ್ತು ಸುತ್ತಿ. ಈ ಸುತ್ತುಕಟ್ಟಿಗೆ ಹೊಲಿಗೆ ದಾರದಿಂದ ಬಿಚ್ಚಿದ ಒಂದೇ ಎಳೆ ಸಾಕು, ಅದಕ್ಕಿಂತ ದಪ್ಪವಾದರೆ ಗಂಟಲಿಗೆ ಮಫ್ಲರ್ ಸುತ್ತಿದ ಹಾಗಿರುತ್ತೆ. ಮಲ್ಲಿಗೆ ಕಟ್ಟಿ ಅಭ್ಯಾಸ ಇರೋರಿಗೆ ಈ ಕೆಲಸ ಅರ್ಧ ಬಂದ ಹಾಗೆಯೇ. ಎಡಗೈ ಹೆಬ್ಬೆರಳಲ್ಲಿ ಒತ್ತಿ ಹಿಡಿದು ಬಲಗೈಯಲ್ಲಿ ಸುತ್ತು ತಂದು ಬಿಗಿಯೋದು ಅದೇ. ಕೊನೆ ಸುತ್ತನ್ನ ಸೂಜಿಯಲ್ಲಿ ಮೊದಲ ಸುತ್ತುಗಳ ಅಡಿಯಿಂದ ಎಳೆದು, ನೀರು ಬೆರೆಸಿದ ಫೆವಿಕಾಲ್ ಒಂದು ತೊಟ್ಟು ಹಾಕಿ. ಒಣಗಿದ ಮೇಲೇ ಹೊಸ ಬ್ಲೇಡಿನಲ್ಲಿ ಕತ್ತರಿಸಿ. ಇಲ್ಲಿ ಸೂಪರ್ ಗ್ಲೂ ಬೇಡ. ದಾರ ಕಪ್ಪಾಗಿ ಕಡ್ಡಿಯಾಗುತ್ತೆ, ಹತ್ತಿರದ ಕಪ್ಪು ಬಣ್ಣದ ಮೇಲೆ ಬಿಳಿ ಮಂಜು ಕೂರುತ್ತೆ.

ಇನ್ನೊಂದು ತುದಿಯನ್ನ ಮೊದಲು ಗಾಡಿಯ ಉಂಗುರ, ನಳಿಗೆಯ ಬಳೆ, ಆಚೆ ಉಂಗುರ, ಇಷ್ಟರ ಮೂಲಕ ತಂದು, ಆಮೇಲೆ 114ಕ್ಕೆ ಗುರುತು ಮಾಡಿ ಎರಡನೇ ಬೋಲ್ಟಿನ ಉಂಗುರಕ್ಕೆ ಹೀಗೇ ಕಟ್ಟಿ. ಈಗ ಗಾಡಿ, ನಳಿಗೆ, ಹಗ್ಗ, ಎರಡು ಬೋಲ್ಟ್ ಎಲ್ಲ ಒಂದೇ ಗೊಂಚಲು. ಹಡಗಿನಲ್ಲಿ ಗಾಡಿಯನ್ನ ಮೊಳೆಯ ಮೇಲೆ ಕೂರಿಸಿ, ಬೋಲ್ಟ್‌ಗಳನ್ನ ಗೋಡೆಯ ತೂತಿಗೆ ತಳ್ಳಿದರೆ ಆಯ್ತು.

ನಿಮ್ಮ ಮೊದಲನೇ ತೊಂದರೆ, ಬಳೆ ಥರ ನಿಲ್ಲೋದು. ದಪ್ಪ ಕಡಿಮೆ ಮಾಡಿದರೂ ಪೂರ್ತಿ ಹೋಗಲ್ಲ, ಯಾಕೆಂದರೆ ದಾರಕ್ಕೆ ಹಗ್ಗದ ತೂಕ ಇರಲ್ಲ. ಅದನ್ನ ರೂಪಕ್ಕೆ ತರಬೇಕು. ಒಂದು ಭಾಗ ಫೆವಿಕಾಲ್, ಮೂರು ಭಾಗ ನೀರು, ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಹನಿ. ಸೋಪಿಲ್ಲದಿದ್ದರೆ ಪಾಲಿಯೆಸ್ಟರ್ ದಾರದ ಮೇಲೆ ನೀರು ಮುತ್ತಾಗಿ ನಿಲ್ಲುತ್ತೆ, ಒಳಗಿಳಿಯಲ್ಲ. ಸುಳ್ಳು ಗೋಡೆಯ ಮುಂದೆ ಗೊಂಚಲು ಇಟ್ಟು, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಹಗ್ಗವನ್ನ ಒದ್ದೆ ಮಾಡಿ, ಗಾಡಿಯ ಎರಡೂ ಪಕ್ಕ ಹಗ್ಗ ಡೆಕ್ ಮುಟ್ಟೋ ಹಾಗೆ ಗುಂಡುಸೂಜಿಯಲ್ಲಿ ಒತ್ತಿ ನಿಲ್ಲಿಸಿ. ಸೂಜಿ ಹಗ್ಗದ ಪಕ್ಕದಲ್ಲಿ ಚುಚ್ಚಬೇಕು, ಹಗ್ಗದೊಳಗಲ್ಲ. ರಾತ್ರಿಯಿಡೀ ಒಣಗಲಿ. ಹಡಗಿಗೆ ಇಳಿಸಿದ ಮೇಲೆ ಎಲ್ಲಾದರೂ ಎದ್ದರೆ ಒದ್ದೆ ಕುಂಚದ ತುದಿಯಲ್ಲಿ ಒತ್ತಿದರೆ ಮತ್ತೆ ಕೂರುತ್ತೆ. ಜೇನುಮೇಣ ಸವರಿದ ದಾರಕ್ಕೆ ಈ ಅಂಟು ಹಿಡಿಯಲ್ಲ, ಹಾಗಾಗಿ ಬ್ರೀಚಿಂಗ್‌ಗೆ ಮೇಣ ಮುಟ್ಟಿಸಲೇಬೇಡಿ. ಒಳಗೆ ತಂತಿ ಸೇರಿಸಿ ಹುರಿ ಮಾಡೋ ಉಪಾಯ ಕೆಲವರು ಹೇಳ್ತಾರೆ. ಬಾಗಿಸಿದ ಕಡೆಯೆಲ್ಲ ಮೂಲೆ ಬೀಳುತ್ತೆ, ಬೇಡ.

ರಾಟೆ ಲೆಕ್ಕ: ಒಂದು ಫಿರಂಗಿಗೆ ಎರಡು ಪಕ್ಕದ ಟ್ಯಾಕಲ್. 28ಕ್ಕೆ 56. ತಲಾ ಒಂದು ಜೋಡಿ ರಾಟೆ, ಒಂದು ಒಂಟಿ. 56 ಜೋಡಿ, 56 ಒಂಟಿ, 112 ಕೊಕ್ಕೆ. ಹತ್ತು ಹೆಚ್ಚು ತರಿಸಿ, ಕೆಲವು ಸೀಳುತ್ತವೆ. ಜೋಡಿ ರಾಟೆ ಗೋಡೆಗೆ, ಒಂಟಿ ಗಾಡಿಗೆ. ಹಗ್ಗ ಒಂಟಿ ರಾಟೆಯ ಬುಡದಿಂದ ಶುರು, ಜೋಡಿಯ ಮೊದಲ ಗಾಲಿ, ಒಂಟಿಯ ಗಾಲಿ, ಜೋಡಿಯ ಎರಡನೇ ಗಾಲಿ, ಅಲ್ಲಿಂದ ಎಳೆಯೋ ತುದಿ ಹೊರಗೆ. ಜನ ಹಡಗಿನ ಒಳಕ್ಕೆ ಎಳೆದರೆ ಫಿರಂಗಿ ಹೊರಕ್ಕೆ ಹೋಗಬೇಕಲ್ಲ, ಅದಕ್ಕೇ ಎಳೆಯೋ ತುದಿ ಗೋಡೆಯ ರಾಟೆಯಿಂದಲೇ ಬರಬೇಕು. ಮೇಲಿನ ಡೆಕ್ಕಿನ ಸಣ್ಣ ಫಿರಂಗಿಗೆ ಎರಡೂ ಒಂಟಿ ರಾಟೆ ಹಾಕಿದರೆ ಆಗ ಹಗ್ಗದ ಬುಡವೂ ಗೋಡೆಯ ರಾಟೆಗೇ. ಇದೊಂದು ತಪ್ಪು ತುಂಬಾ ಕಡೆ ಕಾಣುತ್ತೆ.

ಟ್ಯಾಕಲ್ ಕಟ್ಟೋಕೆ ಪ್ಲೈ ಮೇಲೆ ಎರಡು ಮೊಳೆ. ಗೋಡೆಯ ಕಣ್ಣಿಂದ ಗಾಡಿಯ ಕಣ್ಣಿಗೆ ಎಷ್ಟು ದೂರವೋ ಅಷ್ಟೇ ಅಂತರ. 20ರಿಂದ 24 ಮಿ.ಮೀ. ಬರಬಹುದು, ನಿಮ್ಮದನ್ನ ಅಳೆದು ಇಡಿ. ತಲಾ 25 ಸೆಂ.ಮೀ. ದಾರ ಹಿಡಿದರೆ 14 ಮೀಟರ್. ದಾರದ ತುದಿಗೆ ಸೂಪರ್ ಗ್ಲೂ ಮುಟ್ಟಿಸಿ ಓರೆಯಾಗಿ ಕತ್ತರಿಸಿಕೊಂಡರೆ ಸೂಜಿಯಿಲ್ಲದೆ ತೂರುತ್ತೆ, ಆಮೇಲೆ ಆ ತುದಿ ಕತ್ತರಿಸಿ ಎಸೆಯಿರಿ. ಅಂಟು ಅಲ್ಲಿ ಮಾತ್ರ ಸರಿ. ಪ್ರತಿ ರಾಟೆಯ ತೂತನ್ನೂ 0.5ರ ಬಿಟ್ಟಿನಲ್ಲಿ ಕೈಯಿಂದ ಒಮ್ಮೆ ತಿರುಗಿಸಿ ಬಿಡಿಸಿ. ಕಾರ್ಖಾನೆಯ ತೂತಲ್ಲಿ ಪುಡಿ ಸಿಕ್ಕಿಕೊಂಡಿರುತ್ತೆ, ದಾರ ಅಲ್ಲೇ ಜುಂಗು ಏಳೋದು.

ಉಳಿದ ತುದಿಯನ್ನ ಡೆಕ್ ಮೇಲೆ ಚಪ್ಪಟೆ ಸುರುಳಿ ಮಾಡಿ ಇಟ್ಟರೆ ಚೆಂದ. ಎರಡು ಬದಿ ಅಂಟಿನ ಟೇಪಿನ ಮೇಲೆ ಗುಂಡುಸೂಜಿ ನೆಟ್ಟು, ನಡುವಿನಿಂದ ಹೊರಕ್ಕೆ, ಮೇಲಿಂದ ನೋಡಿದಾಗ ಗಡಿಯಾರದ ದಿಕ್ಕಿಗೆ ಸುತ್ತಿ. ಬಲಹುರಿ ಹಗ್ಗ ಸುತ್ತೋ ರೀತಿ ಅದೇ.

---

ಬೀಟೆಚಕ್ಕೆ | ಮಂಡಿ ಮೊಹಲ್ಲಾ, ಮೈಸೂರು

ಸೂಜಿಮೊನೆ ಮೇಡಂ ಹೇಳಿದ್ದರಲ್ಲಿ ಸುರುಳಿಯೊಂದಕ್ಕೆ ನನ್ನ ತಕರಾರು. 56 ಚಪ್ಪಟೆ ಸುರುಳಿ ಸಾಲಾಗಿ ಇಟ್ಟರೆ ಡೆಕ್ ಮೇಲೆ ಚಕ್ಕುಲಿ ಒಣಗಿಸಿದ ಹಾಗಿರುತ್ತೆ. ಅದು ತಪಾಸಣೆ ದಿನದ ಅಲಂಕಾರ. ಸಮುದ್ರದಲ್ಲಿ ಫಿರಂಗಿ ಕಟ್ಟಿಟ್ಟಾಗ ಆ ತುದಿಯನ್ನ ಟ್ಯಾಕಲ್ಲಿನ ಎಳೆಗಳ ಸುತ್ತಲೇ ಸುತ್ತಿ ಮುಗಿಸಿದರೆ ಕಾಲಿಗೆ ಸಿಗಲ್ಲ. ಮಾಡೆಲಿನಲ್ಲೂ ಅದು ಸುಲಭ: ರಾಟೆ ರಾಟೆಗಳ ನಡುವೆ ಆರೇಳು ಸುತ್ತು, ತುದಿ ಒಳಗೆ ಸಿಕ್ಕಿಸಿದರೆ ಆಯ್ತು. ನಡುಭಾಗದ ತೆರೆದ ಜಾಗದಲ್ಲಿ ಬೇಕಾದರೆ ನಾಲ್ಕಾರು ಸುರುಳಿ ಇರಲಿ.

ಟ್ರೇನ್ ಟ್ಯಾಕಲ್ ಬೇಡ. ಅದು ಮದ್ದು ತುಂಬುವಾಗ ಫಿರಂಗಿ ಮುಂದಕ್ಕೆ ಉರುಳದಂತೆ ಹಿಂದೆ ಹಿಡಿಯೋದು, ಕೆಲಸದ ಹೊತ್ತಿಗೆ ಸಿಕ್ಕಿಸಿ ಆಮೇಲೆ ತೆಗೆದಿಡ್ತಿದ್ದರು. ನಿಮ್ಮ ಫಿರಂಗಿ ಹೊರಗೆ ಚಾಚಿ ನಿಂತಿರುವಾಗ ಅದಕ್ಕೆ ಕೆಲಸವಿಲ್ಲ. ಅದಕ್ಕಾಗಿ ಡೆಕ್ ನಡುವೆ ಉಂಗುರ ಮಾತ್ರ ಹಾಕಿ ಬಿಡಿ.

ಮೇಲಿನ ಡೆಕ್ ಮುಚ್ಚಿದ ಮೇಲೆ ಎಷ್ಟು ಕಾಣುತ್ತೆ ಅಂತಲೂ ಈಗಲೇ ನೋಡಿಕೊಳ್ಳಿ. ರಟ್ಟು ಕತ್ತರಿಸಿ ಕ್ವಾರ್ಟರ್‌ಡೆಕ್, ಫೋರ್‌ಕ್ಯಾಸಲ್ ಇರೋ ಕಡೆ ಇಟ್ಟು, ಕಿಂಡಿಯಿಂದಲೂ ಮೇಲಿಂದಲೂ ಟಾರ್ಚ್ ಬಿಟ್ಟು ನೋಡಿ. ಪೂರ್ತಿ ಕತ್ತಲಲ್ಲಿರೋ ಫಿರಂಗಿಗಳಿಗೆ ಬ್ರೀಚಿಂಗ್ ಸಾಕು, ಟ್ಯಾಕಲ್ ಬಿಡಬಹುದು. ನಡುವಿನವಕ್ಕೆ ಎಲ್ಲವೂ ಬೇಕು.

ರಾಟೆ ತರಿಸೋದು ದುಬಾರಿ ಅನ್ನಿಸಿದರೆ ಚನ್ನಪಟ್ಟಣದ ಗೊಂಬೆಗೆ ಬಳಸೋ ಹಾಲೆ ಮರದ ತುಂಡು ತನ್ನಿ. ಬಿಳುಪು, ನಯವಾದ ನಾರು, 0.5ರ ತೂತಿಗೆ ಸೀಳಲ್ಲ. 3 ಮಿ.ಮೀ. ಅಗಲದ ಪಟ್ಟಿ ಮಾಡಿ, ಪಟ್ಟಿಯಲ್ಲಿದ್ದಾಗಲೇ ತೂತು ಹೊಡೆದು, ಹಗ್ಗ ಕೂರೋ ಗೀರನ್ನ ಅರದಲ್ಲಿ ಉಜ್ಜಿ, ಕೊನೆಗೆ ತುಂಡು ಮಾಡಿ. ಮೂಲೆ ಮುರಿಯೋಕೆ ಸಣ್ಣ ಡಬ್ಬಿಯ ಒಳಗೆ ಮರಳು ಕಾಗದ ಅಂಟಿಸಿ, ರಾಟೆಗಳನ್ನ ಹಾಕಿ, ಡ್ರಿಲ್ಲಿಗೆ ಸಿಕ್ಕಿಸಿ ನಿಧಾನ ತಿರುಗಿಸಿ. ಆಗಾಗ ತೆಗೆದು ನೋಡ್ತಿರಿ, ಮರೆತರೆ ಸಾಸಿವೆ ಕಾಳು ಸಿಗುತ್ತೆ. ಬೀಟೆ ಬೇಡ. ಕುಸುರಿ ಕೆಲಸದ ಚೂರು ಇಲ್ಲಿ ಸುಲಭಕ್ಕೆ ಸಿಕ್ಕರೂ ಅದರ ಗೆರೆ ಈ ಅಳತೆಗೆ ತುಂಬಾ ದಪ್ಪ.

---

ಕುಕ್ಕರಹಳ್ಳಿ ಹಾಯಿ | ಮೈಸೂರು

ಸುಳ್ಳು ಗೋಡೆ ಇವತ್ತೇ ಮಾಡ್ತೀನಿ. ಕೊನೆಯದೊಂದು: ಕ್ವಾರ್ಟರ್‌ಡೆಕ್ ಮೇಲಿನ ಕ್ಯಾರನೇಡ್‌ಗಳಿಗೂ ಇದೇ ಅಳತೆಯ ಹಗ್ಗ ನಡೆಯುತ್ತಾ?

---

ಮಂಡ್ಯ ತಂತಿ | ಮಂಡ್ಯ

ಇಲ್ಲ ಸಾ. ಕ್ಯಾರನೇಡ್ ಗಿಡ್ಡ, ಹಗೂರ, ಆದ್ರೆ ಗುಂಡು ದೊಡ್ದು. 32 ಪೌಂಡರ್ ಅಂದ್ರೆ ಒದೆತ ಜೋರಾಗೇ ಇರ್ತದೆ, ತಡೆಯಕೆ ನಳಿಗೆ ತೂಕ ಸಾಲಕಿಲ್ಲ. ಹಂಗಾಗಿ ಅದ್ರ ಬ್ರೀಚಿಂಗ್ ನಿಮ್ಮ 18 ಪೌಂಡರಿಂದಕ್ಕಿಂತ ತೆಳ್ಳಗಿರಂಗಿಲ್ಲ. 0.85 ಹತ್ರ ಮಾಡ್ಕಳಿ, ಒಂಬತ್ತು ಎಳೆ ಬದ್ಲು ಹನ್ನೆರಡು, ಕಂಬಿಗೆ ನಾಕ್ನಾಕು. ಉದ್ದ ಮಾತ್ರ ಕಮ್ಮಿ, ಮೂರು ಪಟ್ಟಿನ ಲೆಕ್ಕ ಇದಕ್ಕೆ ಬರಕಿಲ್ಲ. ಜಾರುಮಣೆ ಮ್ಯಾಲೆ ಎಷ್ಟು ಹಿಂದಕ್ಕೆ ಜಾರ್ತದೋ ಅಷ್ಟಕ್ಕೆ ಅಳ್ದು ಕಟ್ಟಿ. ಇದಕ್ಕೆ ನಳಿಗೆನ ಗಾಡಿ ಮ್ಯಾಲೆ ಹೊರೋ ಪಕ್ಕದ ತೋಳಿರಲ್ಲ, ಹೊಟ್ಟೆ ಅಡೀಲಿ ಒಂದು ಕಿವಿ, ಹಿಂದ್ಗಡೆ ಗುಂಡಿ ಇರೋ ಕಡೆ ಏರಿಸಿ ಇಳಿಸೋ ತಿರುಪು. ಬ್ರೀಚಿಂಗ್ ತೂರ್ಸುವಾಗ ಆ ತಿರುಪಿನ ಹಿಡಿಗೆ ಸಿಕ್ಕಾಕಳದಂಗೆ ಮೇಲಿನ ಬಳೆ ಒಳಗಿಂದ ತಗಂಡೋಗಿ. ತಿರುಪನ್ನ ಕೊನೇಲಿ ಅಂಟ್ಸಿ, ಮೊದ್ಲೇ ಅಂಟ್ಸುದ್ರೆ ಸೂಜಿ ತಿರುಗ್ಸಕೆ ಜಾಗ ಇರಕಿಲ್ಲ.